ಆಲ್ಬರ್ಟ್ ಹಾಲ್ ಬಾಗಿಲಲ್ಲಿ ಒಂದು ದಿನ: ದೂರದಿಂದ ಬಂದು ಕ್ಯೂ ನಿಲ್ಲುವವರಿಗೆ

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 2000ದಿಂದ ಹೆಚ್ಚುಕಡಿಮೆ ಪ್ರತಿವರ್ಷ, ಸಾಮಾನ್ಯವಾಗಿ ಮಾರ್ಚ್ ಕೊನೆಯ ಹೊತ್ತಿಗೆ, ಟೀನೇಜ್ ಕ್ಯಾನ್ಸರ್ ಟ್ರಸ್ಟ್‌ನ ಸಹಾಯಾರ್ಥ ರಾಕ್ ಕಾರ್ಯಕ್ರಮಗಳು ನಡೆಯುತ್ತ ಬಂದಿವೆ. ‘ದಿ ಹೂ’ ತಂಡದ ಗಾಯಕ ರೋಜರ್ ಡಾಲ್ಟ್ರಿ ಎರಡು ದಶಕಕ್ಕೂ ಹೆಚ್ಚು ಕಾಲ ಇದನ್ನು ಹೆಗಲ ಮೇಲೆ ಹೊತ್ತು ನಡೆಸಿದರು. ಪಾಲ್ ಮೆಕಾರ್ಟ್ನಿ, ನೋಯೆಲ್ ಗ್ಯಾಲಘರ್, ‘ದಿ ಕ್ಯೂರ್’ ಎಲ್ಲರೂ ಇಲ್ಲಿ ಹಾಡಿದ್ದಾರೆ. ಸಂಗ್ರಹವಾದ ಹಣ 13ರಿಂದ 24 ವಯಸ್ಸಿನ ಕ್ಯಾನ್ಸರ್ ರೋಗಿಗಳಿಗೆ ಹೋಗುತ್ತದೆ. ಮಕ್ಕಳ ವಾರ್ಡಿಗೆ ದೊಡ್ಡವರಾಗಿ, ಮುದುಕರ ವಾರ್ಡಿಗೆ ಚಿಕ್ಕವರಾಗಿ ಎಲ್ಲೂ ಸಲ್ಲದ ಈ ವಯಸ್ಸಿನವರಿಗಾಗಿಯೇ ಆಸ್ಪತ್ರೆಗಳಲ್ಲಿ ಪ್ರತ್ಯೇಕ ವಾರ್ಡು, ಅವರನ್ನು ನೋಡಿಕೊಳ್ಳಲೆಂದೇ ನರ್ಸ್‌ಗಳು.

ಮ್ಯಾಂಚೆಸ್ಟರ್, ಲೀಡ್ಸ್, ಎಡಿನ್‌ಬರಾ ಕಡೆಯಿಂದ ಬರುವ ಕನ್ನಡಿಗರಿಗೂ, ಮೆಚ್ಚಿನ ತಂಡಕ್ಕಾಗಿ ಬೆಂಗಳೂರಿನಿಂದಲೇ ವಿಮಾನ ಹತ್ತುವವರಿಗೂ ಆಗುವಂತೆ ಇದನ್ನು ಬರೆದಿದೆ. ತಂಡ ಯಾವುದೇ ಇರಲಿ, ಚಳಿ, ಹಸಿವು, ಶೌಚಾಲಯ, ಕೊನೆಯ ರೈಲು ಇವು ಬದಲಾಗುವುದಿಲ್ಲ.

ಮೊದಲು ಟಿಕೆಟ್ ಓದಿ

ಹಾಲ್ ಗುಂಡಗಿದೆ. ನಡುವಿನ ತಗ್ಗು ನೆಲಕ್ಕೆ ಅರೀನಾ ಎನ್ನುತ್ತಾರೆ. ಅದರ ಸುತ್ತ ಸ್ಟಾಲ್ಸ್, ಮೇಲೆ ಬಾಕ್ಸ್‌ಗಳು, ಅದರ ಮೇಲೆ ಸರ್ಕಲ್, ತುತ್ತತುದಿಗೆ ಗ್ಯಾಲರಿ. ಟಿಕೆಟ್‌ನಲ್ಲಿ ‘ಅರೀನಾ ಸ್ಟ್ಯಾಂಡಿಂಗ್’ ಎಂದಿದ್ದರೆ ಮಾತ್ರ ದಿನವಿಡೀ ಕ್ಯೂ ನಿಂತದ್ದಕ್ಕೆ ಫಲ ಉಂಟು. ಸಾಲು, ಸೀಟ್ ನಂಬರ್ ಇದ್ದವರು ಸಂಜೆ ಬಂದರೆ ಸಾಕು. ಕೆಲವು ರಾತ್ರಿ ಅರೀನಾದಲ್ಲೂ ಕುರ್ಚಿ ಹಾಕಿರುತ್ತಾರೆ, ಹಾಸ್ಯದ ಕಾರ್ಯಕ್ರಮಗಳಿಗಂತೂ ಹಾಗೆಯೇ. ಆದ್ದರಿಂದ ಹಿಂದಿನ ವರ್ಷ ನಿಂತಿದ್ದೆವಲ್ಲ ಎಂದು ಈ ವರ್ಷವೂ ನಿಲ್ಲುವ ಲೆಕ್ಕ ಹಾಕಬೇಡಿ.

ಟಿಕೆಟ್ ಮೇಲಿನ ಬಾಗಿಲಿನ ನಂಬರನ್ನೂ ಗುರುತು ಹಾಕಿಕೊಳ್ಳಿ. ಕಟ್ಟಡ ಗುಂಡಗಿರುವುದರಿಂದ ಒಂದು ಪಕ್ಕದ ಸಾಲು ಇನ್ನೊಂದು ಪಕ್ಕಕ್ಕೆ ಕಾಣುವುದಿಲ್ಲ. ಬೆಳಗ್ಗೆ ನಾಲ್ಕು ಜನ ಒಂದು ಬಾಗಿಲಲ್ಲಿ, ಆರು ಜನ ಮತ್ತೊಂದರಲ್ಲಿ ನಿಂತು, ಮಧ್ಯಾಹ್ನ ಎರಡು ಸಾಲನ್ನು ಒಂದು ಮಾಡುವ ಹೊತ್ತಿಗೆ ಜಗಳ ಏಳುತ್ತದೆ. ಹೋದ ತಕ್ಷಣ ಕಟ್ಟಡಕ್ಕೆ ಪೂರ್ತಿ ಒಂದು ಸುತ್ತು ಹಾಕಿ. ಹಾಲ್‌ನ ಸಿಬ್ಬಂದಿ ಸಿಕ್ಕರೆ ‘ಅರೀನಾ ಕ್ಯೂ ಎಲ್ಲಿ’ ಎಂದು ಕೇಳಿ, ಅವರು ತೋರಿಸಿದ ಕಡೆಯೇ ನಿಲ್ಲಿ.

ಬೇರೆಯವರ ಹೆಸರಿನ ಟಿಕೆಟನ್ನು ಸೋಶಿಯಲ್ ಮೀಡಿಯಾದಲ್ಲಿ ಕೊಳ್ಳಬೇಡಿ. ಒಂದೇ ಬಾರ್‌ಕೋಡನ್ನು ಐದು ಜನಕ್ಕೆ ಮಾರಿದರೆ ಮೊದಲು ಸ್ಕ್ಯಾನ್ ಮಾಡಿಸಿದವರು ಒಳಗೆ, ಉಳಿದ ನಾಲ್ವರು ಹೊರಗೆ. ಕೊನೆಯ ದಿನಗಳಲ್ಲಿ ಹಾಲ್‌ನ ವೆಬ್‌ಸೈಟಿಗೇ ಟಿಕೆಟ್ ವಾಪಸ್ ಬರುವುದುಂಟು. ಆ ವಾರ ದಿನಕ್ಕೆ ಎರಡು ಮೂರು ಸಲ ನೋಡುತ್ತಿರಿ.

ಕಂಬಿ ಬೇಕೇ ಬೇಕೆ?

ವೇದಿಕೆಯ ಮುಂದಿನ ಕಬ್ಬಿಣದ ಕಂಬಿ ಹಿಡಿದು ನಿಲ್ಲಬೇಕೆಂಬ ಆಸೆ ಇದ್ದವರಿಗಷ್ಟೇ ಬೆಳಗಿನಿಂದ ನಿಲ್ಲುವ ಅಗತ್ಯ. ಇಡೀ ಹಾಲ್‌ನಲ್ಲಿ ಹಿಡಿಸುವುದೇ ಸುಮಾರು 5,200 ಜನ, ಅದರಲ್ಲಿ ಅರೀನಾ ಒಂದು ಭಾಗ. ಕ್ರೀಡಾಂಗಣದ ಕಾರ್ಯಕ್ರಮಗಳಂತೆ ಇಲ್ಲಿ ಹಿಂದೆ ಉಳಿದರೆ ಪರದೆ ನೋಡಿಕೊಂಡು ಇರಬೇಕಾದ ಸ್ಥಿತಿ ಇಲ್ಲ. ನೆಲದ ಹಿಂಭಾಗದಿಂದಲೂ ಗಿಟಾರ್ ಮೇಲಿನ ಬೆರಳು ಕಾಣುತ್ತದೆ.

ಸದ್ದಿನ ಮಟ್ಟಿಗಂತೂ ಸೌಂಡ್ ಮಿಕ್ಸ್ ಮಾಡುವವರು ಕೂತ ಜಾಗದ ಆಸುಪಾಸೇ ಕಂಬಿಗಿಂತ ಮೇಲು. ಕಂಬಿಯ ಬಳಿ ನಿಂತವರ ಕಿವಿಗೆ ಡ್ರಮ್ಮು, ಆಂಪ್ಲಿಫಯರ್‌ಗಳ ಸದ್ದು ವೇದಿಕೆಯಿಂದ ನೇರವಾಗಿ ಬಡಿಯುತ್ತದೆ, ಹಾಡುವವರ ದನಿ ಅದರಡಿ ಮುಳುಗುತ್ತದೆ. 1871ರಲ್ಲಿ ತೆರೆದ ಈ ಹಾಲ್‌ಗೆ ಸುಮಾರು ನೂರು ವರ್ಷ ಪ್ರತಿಧ್ವನಿಯ ಕಾಟವಿತ್ತು. ತಲೆ ಎತ್ತಿ ನೋಡಿದರೆ ಅಣಬೆಯಂತೆ ನೇತಾಡುವ ಫೈಬರ್‌ಗ್ಲಾಸ್ ತಟ್ಟೆಗಳು ಕಾಣುತ್ತವಲ್ಲ, ಅವನ್ನು 1969ರಲ್ಲಿ ಕಟ್ಟಿದ್ದು ಅದನ್ನು ತಗ್ಗಿಸಲೆಂದೇ.

ಹಾಗಾಗಿ ಕಂಬಿಯೇ ಬೇಕು ಅನ್ನುವವರು ಬೆಳಗಿನ ಜಾವ ಬನ್ನಿ. ಮುಂದಿನ ನಾಲ್ಕೈದು ಸಾಲು ಸಾಕು ಅನ್ನುವವರು ಮಧ್ಯಾಹ್ನ ಊಟ ಮುಗಿಸಿ ಬಂದರೂ ಬಹುಪಾಲು ರಾತ್ರಿಗಳಲ್ಲಿ ನಡೆಯುತ್ತದೆ. ಅಪರೂಪಕ್ಕೆ ವೇದಿಕೆ ಹತ್ತುವ ತಂಡವಾದರೆ ಈ ಲೆಕ್ಕ ಮೂರು ನಾಲ್ಕು ಗಂಟೆ ಹಿಂದಕ್ಕೆ ಹೋಗುತ್ತದೆ. ಎತ್ತರ ಕಡಿಮೆ ಇರುವವರಿಗೆ ನಮ್ಮ ಸಲಹೆ: ಕಂಬಿ ಸಿಗದಿದ್ದರೆ ಮೂರನೇ ಸಾಲಿಗೆ ನುಗ್ಗಬೇಡಿ, ಅಲ್ಲಿ ಬೆನ್ನುಗಳಷ್ಟೇ ಕಾಣುತ್ತವೆ. ಅರೀನಾದ ಅಂಚಿಗೆ, ಸ್ಟಾಲ್ಸ್‌ನ ಗೋಡೆಗೆ ಒರಗಿಕೊಂಡು ನಿಂತರೆ ನೋಟವೂ ಸಿಗುತ್ತದೆ, ಬೆನ್ನಿಗೆ ಆಸರೆಯೂ ಆಗುತ್ತದೆ.

ಬರುವ ದಾರಿ

ಬೆಂಗಳೂರಿನಿಂದ ಬರುವವರು ಕನಿಷ್ಠ ಎರಡು ದಿನ ಮೊದಲೇ ಇಳಿಯಿರಿ. ಮಾರ್ಚ್‌ನ ಕೊನೆಯ ಭಾನುವಾರದ ತನಕ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಆಮೇಲೆ ನಾಲ್ಕೂವರೆ. ಮುಖ್ಯ ತಂಡ ರಾತ್ರಿ 8.45ಕ್ಕೆ ವೇದಿಕೆ ಹತ್ತಿದರೆ ನಿಮ್ಮ ಮೈಗೆ ಅದು ರಾತ್ರಿ 2.15, ಆ ಭಾನುವಾರದಿಂದ ಆಚೆಗಾದರೆ 1.15. ಬೆಳಗ್ಗೆ ಇಳಿದು ನೇರ ಕ್ಯೂಗೆ ಬಂದವರು, ಕಾದಿದ್ದ ಹಾಡು ಬರುವ ಹೊತ್ತಿಗೆ ನಿಂತಲ್ಲೇ ತೂಕಡಿಸುತ್ತಾರೆ. ಪ್ರವಾಸಿ ವೀಸಾಕ್ಕೆ ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಅದು ಕೈಗೆ ಬರುವ ಮೊದಲು ಹಣ ವಾಪಸಾಗದ ವಿಮಾನದ ಟಿಕೆಟ್ ಕೊಳ್ಳಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಬ್ಯಾಗಿಗೆ ಹಾಕಲು ಬಿಡುವುದಿಲ್ಲ.

ಹೀತ್ರೂ ವಿಮಾನ ನಿಲ್ದಾಣದಿಂದ ಟ್ಯೂಬ್‌ನ (ಲಂಡನ್ನಿನ ಮೆಟ್ರೋ) ಪಿಕಡಿಲಿ ಲೈನ್ ಹಿಡಿದರೆ ಎಲ್ಲೂ ಬದಲಿಸದೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಸೌತ್ ಕೆನ್ಸಿಂಗ್ಟನ್. ಅಲ್ಲಿಂದ ಎಕ್ಸಿಬಿಷನ್ ರೋಡ್ ಏರಿದರೆ 12ರಿಂದ 15 ನಿಮಿಷದ ನಡಿಗೆ. 9, 52, 452 ನಂಬರ್ ಬಸ್‌ಗಳು ಹಾಲ್ ಮುಂದೆಯೇ ನಿಲ್ಲುತ್ತವೆ.

ದೇಶದೊಳಗಿನಿಂದ ಬರುವವರ ದೊಡ್ಡ ತಪ್ಪು ವಾಪಸ್ ರೈಲಿನದು. ಮ್ಯಾಂಚೆಸ್ಟರ್‌ಗೆ ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಹೊರಡುವ ಕೊನೆಯ ರೈಲು ಕಾರ್ಯಕ್ರಮ ಮುಗಿಯುವ ಮೊದಲೇ ಹೋಗಿರುತ್ತದೆ. ಅಡ್ವಾನ್ಸ್ ಟಿಕೆಟ್ ಅಗ್ಗವೇನೋ ಹೌದು, ಆದರೆ ಅದು ಒಂದೇ ರೈಲಿಗೆ ಅಂಟಿಕೊಂಡದ್ದು. ತಪ್ಪಿದರೆ ಹೊಸ ಟಿಕೆಟ್, ಅದೂ ಪೂರ್ತಿ ದರದಲ್ಲಿ. ಮುಗಿಯುವ ಸಮಯವನ್ನು ಯಾರೂ ಖಚಿತವಾಗಿ ಹೇಳಲಾರರು. 2014ರ ಮಾರ್ಚ್ 28 ಮತ್ತು 29ರಂದು ‘ದಿ ಕ್ಯೂರ್’ ಒಂದೊಂದು ರಾತ್ರಿ 45 ಹಾಡು, ಸುಮಾರು ಮೂರೂವರೆ ಗಂಟೆ ಹಾಡಿತು. ಅಂಥ ರಾತ್ರಿ ಗಡಿಯಾರ ನೋಡುತ್ತ ನಿಲ್ಲುವುದಕ್ಕಿಂತ ಮರುದಿನ ಬೆಳಗಿನ ರೈಲು ಹಿಡಿಯುವುದು, ಇಲ್ಲವೇ ವಿಕ್ಟೋರಿಯಾ ಕೋಚ್ ಸ್ಟೇಷನ್‌ನಿಂದ ನಡುರಾತ್ರಿಯ ಕೋಚ್ (ದೂರದೂರಿನ ಬಸ್) ಹಿಡಿಯುವುದು ಒಳ್ಳೆಯದು. ಎಡಿನ್‌ಬರಾ, ಗ್ಲಾಸ್ಗೋದವರಿಗೆ ಯೂಸ್ಟನ್‌ನಿಂದ ಹೊರಡುವ ಕ್ಯಾಲೆಡೋನಿಯನ್ ಸ್ಲೀಪರ್ ಎಂಬ ರಾತ್ರಿ ರೈಲು ಇದೆ, ಶನಿವಾರ ರಾತ್ರಿ ಮಾತ್ರ ಓಡುವುದಿಲ್ಲ.

ಸೂಟ್‌ಕೇಸ್ ಎಳೆದುಕೊಂಡು ಕ್ಯೂಗೆ ಬರಬೇಡಿ. ದೊಡ್ಡ ಬ್ಯಾಗನ್ನು ಹಾಲ್ ಒಳಗೆ ಬಿಡುವುದಿಲ್ಲ, ಬಾಗಿಲ ಹತ್ತಿರ ಅದು ಗೊತ್ತಾದರೆ ಹತ್ತು ಗಂಟೆಯ ಕಾಯುವಿಕೆ ಮಣ್ಣುಪಾಲು. ಹೋಟೆಲಿನಲ್ಲಿ ಬಿಡಿ, ಇಲ್ಲದಿದ್ದರೆ ವಿಕ್ಟೋರಿಯಾ, ಯೂಸ್ಟನ್, ಕಿಂಗ್ಸ್ ಕ್ರಾಸ್ ನಿಲ್ದಾಣಗಳಲ್ಲಿ ಹಣ ಕೊಟ್ಟು ಲಗೇಜ್ ಇಡುವ ಕೌಂಟರ್‌ಗಳಿವೆ. ಅವು ಎಷ್ಟು ಹೊತ್ತಿಗೆ ಮುಚ್ಚುತ್ತವೆ ನೋಡಿಕೊಂಡೇ ಇಡಿ.

ಇನ್ನೊಂದು ಎಚ್ಚರಿಕೆ ಗಡಿಯಾರದ್ದು. ಮಾರ್ಚ್‌ನ ಕೊನೆಯ ಭಾನುವಾರ ಬೆಳಗಿನ ಜಾವ 1 ಗಂಟೆಗೆ ಬ್ರಿಟನ್ನಿನಲ್ಲಿ ಗಡಿಯಾರ 2ಕ್ಕೆ ಹಾರುತ್ತದೆ. ಈ ಕಾರ್ಯಕ್ರಮಗಳು ಅದೇ ವಾರಕ್ಕೆ ಬೀಳುವುದುಂಟು. 2025ರ ಮಾರ್ಚ್ 30ರಂದು ‘ದಿ ಹೂ’ ಹಾಡಿದ್ದು ಸರಿಯಾಗಿ ಅಂಥ ಭಾನುವಾರವೇ. ಅಂದು ಒಂದು ಗಂಟೆ ನಿದ್ದೆ ಹೋಗುತ್ತದೆ. ಸಾಲದ್ದಕ್ಕೆ ಭಾನುವಾರ ಟ್ಯೂಬ್‌ನ ಹೆಚ್ಚಿನ ಲೈನ್‌ಗಳು ಶುರುವಾಗುವುದೇ ತಡ, ಬೆಳಗಿನ ಜಾವ ಬರುವವರು ರಾತ್ರಿ ಬಸ್‌ಗಳ ಪಟ್ಟಿ ನೋಡಿಟ್ಟುಕೊಳ್ಳಿ.

ಚೀಲದಲ್ಲಿ ಏನಿರಲಿ

ಮಾರ್ಚ್ ಕೊನೆಯಲ್ಲಿ ಲಂಡನ್ನಿನ ಬೆಳಗು 4-5 ಡಿಗ್ರಿ, ಮಧ್ಯಾಹ್ನ 11-12 ಡಿಗ್ರಿ. ನಡೆಯುವವರಿಗೆ ಇದು ದೊಡ್ಡ ಚಳಿಯಲ್ಲ, ಕೂತವರಿಗೆ ದೊಡ್ಡದು. ಕಲ್ಲಿನ ನೆಲ ಮೈಯ ಕಾವನ್ನು ಹೀರುತ್ತದೆ. ಮಡಚುವ ಫೋಮ್ ಚಾಪೆ ಒಂದು ಇರಲೇಬೇಕು. ಅದಿಲ್ಲದಿದ್ದರೆ ದಪ್ಪ ರಟ್ಟು ಎರಡು ಪದರ ಹಾಸಿಕೊಳ್ಳಿ, ಹೋಗುವಾಗ ಕಸದ ಡಬ್ಬಿಗೆ ಹಾಕಿದರಾಯಿತು. ಮೈಗೆ ಒಂದು ದಪ್ಪ ಜಾಕೆಟ್ಟಿನ ಬದಲು ತೆಳುವಾದ ಮೂರು ಪದರ ಹಾಕಿ: ಒಳಗೆ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಗಾಳಿ-ಮಳೆ ತಡೆಯುವುದು. ಕಾರಣವಿದೆ. ಹೊರಗೆ 6 ಡಿಗ್ರಿಯಲ್ಲಿ ನಿಂತವರು ಒಳಗೆ ಹೋದ ಅರ್ಧ ಗಂಟೆಯಲ್ಲಿ ಬೆವರುತ್ತಾರೆ, ಜನರ ನಡುವೆ ಸಿಕ್ಕಿಕೊಂಡ ಮೇಲೆ ದಪ್ಪ ಜಾಕೆಟ್ ತೆಗೆದು ಇಡಲು ಜಾಗವಿರುವುದಿಲ್ಲ. ಕಾಲಿಗೆ ಎರಡು ಜೊತೆ ಸಾಕ್ಸ್ ತನ್ನಿ, ಒಂದು ಒದ್ದೆಯಾದರೆ ಇನ್ನೊಂದು. ಹೊಸ ಬೂಟು ಬೇಡ.

ಕೊಡೆ ಬೇಡ, ತಲೆಯ ಮೇಲಿಂದ ಹಾಕಿಕೊಳ್ಳುವ ಮಳೆಯಂಗಿ, ಪಾಂಚೋ ತನ್ನಿ. ಸಾಲಿನಲ್ಲಿ ಕೊಡೆ ಬಿಚ್ಚಿದರೆ ನೀರೆಲ್ಲ ಪಕ್ಕದವರ ಕುತ್ತಿಗೆಗೆ ಇಳಿಯುತ್ತದೆ.

10,000 ಎಂಎಎಚ್ ಪವರ್ ಬ್ಯಾಂಕ್ ಒಂದು ದಿನಕ್ಕೆ ಸಾಕು. ಟಿಕೆಟನ್ನು ಹಿಂದಿನ ರಾತ್ರಿಯೇ ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ. ಬಾಗಿಲು ತೆರೆಯುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಫೋನ್ ತೆಗೆದು ನೆಟ್‌ವರ್ಕ್ ತೆವಳುತ್ತದೆ.

ಇಯರ್‌ಪ್ಲಗ್ ಮರೆಯಬೇಡಿ. 100 ಡೆಸಿಬಲ್ ಸದ್ದಿಗೆ ಬರಿಗಿವಿಯಲ್ಲಿ ಸುರಕ್ಷಿತ ಅವಧಿ ಸುಮಾರು 15 ನಿಮಿಷ, ಕಾರ್ಯಕ್ರಮ ಎರಡು ಗಂಟೆಯದು. ಅಂಗಡಿಯ ಸ್ಪಂಜಿನ ಪ್ಲಗ್ ಮೇಲಿನ ಸ್ವರಗಳನ್ನು ನುಂಗಿ ಎಲ್ಲವನ್ನೂ ಮಬ್ಬು ಮಾಡುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಪ್ಲಗ್ 18-20 ಡೆಸಿಬಲ್ ತಗ್ಗಿಸಿಯೂ ಹಾಡನ್ನು ಹಾಡಾಗಿಯೇ ಉಳಿಸುತ್ತದೆ.

ಊಟಕ್ಕೆ ಮನೆಯ ಬುತ್ತಿಗಿಂತ ಒಳ್ಳೆಯದಿಲ್ಲ. ತುಪ್ಪ, ಚಟ್ನಿಪುಡಿ ಸವರಿ ಸುರುಳಿ ಸುತ್ತಿದ ಚಪಾತಿ ನಾಲ್ಕು, ಬಾಳೆಹಣ್ಣು ಎರಡು, ಶೇಂಗಾ ಚಿಕ್ಕಿ, ಒಂದು ಹಿಡಿ ಹುರಿಗಡಲೆ. ಗ್ಲೌಸ್ ಹಾಕಿದ ಕೈಯಲ್ಲೂ ತಿನ್ನಬಹುದು, ಚಮಚ ಬೇಡ, ಆರಿದರೂ ಕೆಡುವುದಿಲ್ಲ. ಚಿತ್ರಾನ್ನ, ಮೊಸರನ್ನದ ಡಬ್ಬಿ ಬೇಡ. ಅನ್ನ ಗಂಟೆಗಟ್ಟಲೆ ಹಾಗೇ ಇದ್ದರೆ ಹೊಟ್ಟೆ ಕೆಡಿಸುತ್ತದೆ, ಶೌಚಾಲಯ ಹತ್ತು ನಿಮಿಷ ದೂರ ಇರುವ ದಿನ ಆ ಸಾಹಸ ಯಾಕೆ? ಉಳಿದದ್ದನ್ನು ಬಾಗಿಲು ತೆರೆಯುವ ಮುನ್ನ ಮುಗಿಸಿ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದೇ ಲೆಕ್ಕ ಹಿಡಿಯಿರಿ.

ಸಾಲಿನ ನಿಯಮಗಳು

ಬೆಳಗಿನ ಸಾಲನ್ನು ಹಾಲ್‌ನವರು ನಡೆಸುವುದಿಲ್ಲ, ಅಭಿಮಾನಿಗಳೇ ನಡೆಸುತ್ತಾರೆ. ಮೊದಲು ಬಂದವರಲ್ಲಿ ಒಬ್ಬರು ಕೈ ಮೇಲೆ ಮಾರ್ಕರ್‌ನಿಂದ ನಂಬರ್ ಬರೆದು ಹೆಸರಿನ ಪಟ್ಟಿ ಇಡುವುದು ವಾಡಿಕೆ. ಹೋದ ಕೂಡಲೇ ಪಟ್ಟಿ ಯಾರ ಬಳಿ ಇದೆ ಎಂದು ಕೇಳಿ, ನಂಬರ್ ಹಾಕಿಸಿಕೊಳ್ಳಿ, ಅದರ ಫೋಟೋ ತೆಗೆದಿಡಿ. ಸ್ಯಾನಿಟೈಸರ್ ಒಂದೇ ಸಲಕ್ಕೆ ಮಾರ್ಕರನ್ನು ಅಳಿಸಿಬಿಡುತ್ತದೆ. ಹಿಂದೆ ಮುಂದೆ ಇರುವ ಇಬ್ಬಿಬ್ಬರನ್ನು ಪರಿಚಯ ಮಾಡಿಕೊಳ್ಳಿ. ನಿಮ್ಮ ಜಾಗಕ್ಕೆ ಸಾಕ್ಷಿ ಅವರೇ.

ಈ ನಂಬರಿಗೆ ಕಾನೂನಿನ ಬಲವಿಲ್ಲ. ಮಧ್ಯಾಹ್ನ ಸಿಬ್ಬಂದಿ ಬಂದು ಬ್ಯಾರಿಕೇಡ್ ಹಾಕಿದಾಗ ಅವರು ನೋಡುವುದು ಅಲ್ಲಿ ನಿಂತ ಜನರನ್ನು, ಪಟ್ಟಿಯನ್ನಲ್ಲ. ಆ ಹೊತ್ತಿನಲ್ಲಿ ಕಾಫಿಗೆ ಹೋದವರ ನಂಬರ್ ಉಳಿಯುವುದು ಕಷ್ಟ. ಮಧ್ಯಾಹ್ನ ಮೂರರ ನಂತರ ಜಾಗ ಬಿಡಬೇಡಿ. ಅದಕ್ಕೂ ಮುಂಚೆ ಅರ್ಧ ಗಂಟೆಯ ತನಕ ಹೋಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಎರಡು ಗಂಟೆ ಹೋಟೆಲಿನಲ್ಲಿ ಮಲಗಿ ಬಂದು ಮೊದಲಿನ ಜಾಗ ಕೇಳುವುದು ನ್ಯಾಯವಲ್ಲ.

ತಡವಾಗಿ ಬರುವ ಗೆಳೆಯರಿಗೆ ಜಾಗ ಹಿಡಿಯಬೇಡಿ. ಒಬ್ಬರು ನಿಂತು ಸಂಜೆ ಐದಕ್ಕೆ ಆರು ಜನ ಸೇರಿಕೊಳ್ಳುವುದು, ಹೆಚ್ಚಿನ ಜಗಳಗಳ ಬೇರು ಇದೇ. ನಮ್ಮಲ್ಲಿ ಬಸ್ ಸೀಟಿಗೆ ಕರ್ಚೀಫ್ ಹಾಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಐದು ಗಂಟೆಗೆ ಎದ್ದು ಬಂದ, ಬಹುಶಃ ತನ್ನ ಮನೆಯಲ್ಲೇ ಕ್ಯಾನ್ಸರ್ ಕಂಡ ಒಬ್ಬರನ್ನು ಆರು ಸಾಲು ಹಿಂದೆ ತಳ್ಳಿ ಸಹಾಯಾರ್ಥ ಕಾರ್ಯಕ್ರಮ ನೋಡುವುದು ತರವಲ್ಲ.

ಶೌಚಾಲಯದ ಲೆಕ್ಕ ಬೆಳಗ್ಗೆಯೇ ಹಾಕಿಕೊಳ್ಳಿ. ಹತ್ತಿರದಲ್ಲೇ ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ವಿ ಅಂಡ್ ಎ ಮ್ಯೂಸಿಯಂ ಇವೆ. ಪ್ರವೇಶ ಉಚಿತ, ಶೌಚಾಲಯ ಚೊಕ್ಕಟ, ಆದರೆ ತೆರೆಯುವುದು 10ಕ್ಕೆ. ಹೋಗಿ ಬರಲು, ಬ್ಯಾಗ್ ತಪಾಸಣೆ ಸೇರಿ, ಅರ್ಧ ಗಂಟೆ ಹಿಡಿಯಿರಿ. ಬೆಳಗ್ಗೆ 10ರ ಮೊದಲು ಸೌತ್ ಕೆನ್ಸಿಂಗ್ಟನ್ ನಿಲ್ದಾಣದ ಸುತ್ತಿನ ಕೆಫೆಗಳೇ ಗತಿ. ಹಾಗೆಂದು ನೀರು ಕುಡಿಯದೆ ಇರಬೇಡಿ, ರಾತ್ರಿ ಕಂಬಿಯಲ್ಲಿ ತಲೆಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಹೀಗೆ ಮಾಡಿದವರೇ. ಬೆಳಗಿನಿಂದ ಮೂರರ ತನಕ ಗುಟುಕು ಗುಟುಕಾಗಿ ಒಂದು ಲೀಟರ್ ಕುಡಿಯಿರಿ. ನಾಲ್ಕರ ಹೊತ್ತಿಗೆ ಅರ್ಧ ಲೀಟರ್ ನೀರಿಗೆ ಅದರ ಅಳತೆಯ ಓಆರ್‌ಎಸ್ ಬೆರೆಸಿ ನಿಧಾನಕ್ಕೆ ಮುಗಿಸಿ. ಕಾಫಿ, ಬಿಯರ್ ಮೂತ್ರ ಹೆಚ್ಚಿಸುತ್ತವೆ, ಅವನ್ನು ಬಿಡಿ.

ಹೆಚ್ಚು ಹೊತ್ತು ನಿಲ್ಲಲಾಗದವರು, ಗಾಲಿಕುರ್ಚಿ ಬಳಸುವವರು ಈ ಸಾಲಿಗೆ ಬರಲೇಬೇಕಿಲ್ಲ. ಟಿಕೆಟ್ ಕೊಳ್ಳುವಾಗಲೇ ಹಾಲ್‌ನವರಿಗೆ ಬರೆದರೆ ಬೇರೆ ವ್ಯವಸ್ಥೆ ಇದೆ.

ಬಾಗಿಲು ತೆರೆದಾಗ

ತೆರೆಯಲು ಅರ್ಧ ಗಂಟೆ ಇರುವಾಗಲೇ ಫ್ಲೀಸ್ ತೆಗೆದು ಮಡಚಿ ಚೀಲಕ್ಕೆ ಹಾಕಿ, ಚಾಪೆ ಸುತ್ತಿ, ಫೋನಿನಲ್ಲಿ ಟಿಕೆಟ್ ತೆರೆದಿಟ್ಟು, ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಳ್ಳಿ. ತಪಾಸಣೆಯ ಮೇಜಿನ ಮುಂದೆ ಚೀಲ ತಡಕಾಡುವ ಒಂದು ನಿಮಿಷದಲ್ಲಿ ಇಪ್ಪತ್ತು ಜನ ಮುಂದೆ ಹೋಗುತ್ತಾರೆ. ಚೀಲ ಚಿಕ್ಕದಿದ್ದಷ್ಟೂ ಒಳ್ಳೆಯದು. ಕ್ಲೋಕ್‌ರೂಮ್‌ಗೆ ಹೋದರೆ ಕಂಬಿ ಕೈ ಬಿಟ್ಟಂತೆಯೇ.

ಓಡಬೇಡಿ. ಅರೀನಾಕ್ಕೆ ಮೆಟ್ಟಿಲು ಇಳಿಯಬೇಕು, ಹತ್ತು ಗಂಟೆ ಚಳಿಯಲ್ಲಿ ಕೂತ ಮೊಣಕಾಲು ಮೆಟ್ಟಿಲ ಮೇಲೆ ಮಾತು ಕೇಳುವುದಿಲ್ಲ. ಓಡುವವರನ್ನು ಸಿಬ್ಬಂದಿ ನಿಲ್ಲಿಸಿ ಹಿಂದೆ ಕಳಿಸುವುದೂ ಉಂಟು.

ಒಳಗೆ ಹೋದ ಮೇಲೆ ಮುಖ್ಯ ತಂಡಕ್ಕೆ ಇನ್ನೂ ಎರಡು ಗಂಟೆಯಾದರೂ ಇರುತ್ತದೆ. ಮೊಣಕಾಲು ಬಿಗಿಹಿಡಿದು ನೆಟ್ಟಗೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆಗೆ ಕಡಿಮೆಯಾಗುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡ ಬಿಗಿಮಾಡಿ ಸಡಿಲಿಸಿ. ಕಣ್ಣು ಮಂಜಾದರೆ, ಕಿವಿಯಲ್ಲಿ ಗುಂಯ್ ಎಂದರೆ ಸಂಕೋಚ ಬೇಡ. ಎದುರಿನ ಸೆಕ್ಯುರಿಟಿಯವರಿಗೆ ಕೈ ಮಾಡಿ, ನೀರು ಕೊಡುತ್ತಾರೆ, ಬೇಕಾದರೆ ಕಂಬಿಯ ಆಚೆಗೆ ಎತ್ತಿಕೊಳ್ಳುತ್ತಾರೆ. ಪಕ್ಕದವರು ಬಿಳಿಚಿಕೊಂಡರೆ ಅವರ ಪರವಾಗಿ ನೀವು ಕೈ ಎತ್ತಿ.

ತಂಡಗಳ ನಡುವಿನ ಬಿಡುವಿನಲ್ಲಿ ಪರದೆಯ ಮೇಲೆ ಚಿಕ್ಕ ಚಿತ್ರ ತೋರಿಸುತ್ತಾರೆ. ಕ್ಯಾನ್ಸರ್ ಕಂಡ ಹುಡುಗ ಹುಡುಗಿಯರೇ ವೇದಿಕೆಗೆ ಬಂದು ಮಾತಾಡುವುದೂ ಉಂಟು. ಅದು ಬಾರ್‌ಗೆ ಹೋಗುವ ಹೊತ್ತಲ್ಲ. ಹದಿನೇಳರ ಹುಡುಗಿಯೊಬ್ಬಳು ಐದು ಸಾವಿರ ಅಪರಿಚಿತರೆದುರು ತನ್ನ ಕೀಮೋಥೆರಪಿಯ ಬಗ್ಗೆ ಹೇಳುವಾಗ ಹಾಲ್ ಪಿಸುಗುಟ್ಟದೆ ಕೇಳಬೇಕು. ಕಂಬಿಯಲ್ಲಿ ನಿಂತವರ ಮುಖವೇ ಅವಳಿಗೆ ಮೊದಲು ಕಾಣುವುದು. ಫೋನ್ ಕೆಳಗಿಳಿಸಿ.

ದೇಣಿಗೆ ಕೊಡುವವರು ಗಿಫ್ಟ್ ಏಡ್ ಗುರುತು ಹಾಕುವುದನ್ನು ಮರೆಯಬೇಡಿ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುತ್ತಿರುವ ಯಾರೇ ಆಗಲಿ, ಕೆಲಸದ ವೀಸಾದಲ್ಲಿರುವ ನಮ್ಮವರೂ ಸೇರಿ, ಪ್ರತಿ 1 ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಟ್ರಸ್ಟ್‌ಗೆ ಸೇರುವಂತೆ ಮಾಡಬಹುದು. ಆ ವರ್ಷ ನೀವು ಕಟ್ಟಿದ ತೆರಿಗೆ ಈ ಮೊತ್ತಕ್ಕಿಂತ ಕಡಿಮೆ ಇರದಿದ್ದರೆ ನಿಮ್ಮ ಕೈಯಿಂದ ಹೆಚ್ಚಿಗೆ ಏನೂ ಹೋಗುವುದಿಲ್ಲ. ಹೆಸರು, ಮನೆ ವಿಳಾಸ ಕೊಡಬೇಕಾಗುತ್ತದೆ. ಡಬ್ಬಿಗೆ ಚಿಲ್ಲರೆ ಹಾಕಿದರೆ ಈ ಗುರುತು ಹಾಕಲು ಅವಕಾಶವಿಲ್ಲದ್ದರಿಂದ, ದೊಡ್ಡ ಮೊತ್ತವಾದರೆ ಟ್ರಸ್ಟ್‌ನ ವೆಬ್‌ಸೈಟಿನಲ್ಲೇ ಕೊಡಿ.

ಹಿಂದಿರುಗುವಾಗ

ಮುಗಿದ ಕೂಡಲೇ ಎಲ್ಲರೂ ಸೌತ್ ಕೆನ್ಸಿಂಗ್ಟನ್ ಕಡೆಗೇ ಇಳಿಯುತ್ತಾರೆ. ಮ್ಯೂಸಿಯಂಗಳ ಕೆಳಗಿನ ಸುರಂಗದ ದಾರಿಯನ್ನು ನಂಬಬೇಡಿ, ರಾತ್ರಿ ಅದು ಮುಚ್ಚಿರಬಹುದು. ಎಕ್ಸಿಬಿಷನ್ ರೋಡ್ ಮೇಲೇ ನಡೆಯಿರಿ. ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಲೈನ್ ಬೇಕಾದವರಿಗೆ ಹೈ ಸ್ಟ್ರೀಟ್ ಕೆನ್ಸಿಂಗ್ಟನ್, ಪಿಕಡಿಲಿ ಲೈನ್ ಬೇಕಾದವರಿಗೆ ನೈಟ್ಸ್‌ಬ್ರಿಡ್ಜ್ ನಿಲ್ದಾಣದಲ್ಲಿ ನೂಕುನುಗ್ಗಲು ಕಡಿಮೆ. ಕೋಚ್ ಹಿಡಿಯುವವರು ವಿಕ್ಟೋರಿಯಾ ಕಡೆಯ 52 ನಂಬರ್ ಬಸ್ ಹತ್ತಿ. ಟ್ಯೂಬ್ ವಾರದ ದಿನಗಳಲ್ಲಿ ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ ಹೀತ್ರೂ ಕಡೆಗೆ ಹೋಗುವವರಿಗೆ ಹಾಲ್ ಮುಂದೆಯೇ ಹಾದುಹೋಗುವ ಎನ್9 ಬಸ್ ಇದೆ. ಶುಕ್ರವಾರ, ಶನಿವಾರ ರಾತ್ರಿಗಳಲ್ಲಿ ಪಿಕಡಿಲಿ ಲೈನ್ ಬೆಳಗಿನ ತನಕ ಓಡುತ್ತದೆ, ಆದರೆ ಹೀತ್ರೂ ಟರ್ಮಿನಲ್ 4ಕ್ಕೆ ಹೋಗುವುದಿಲ್ಲ. ಅಲ್ಲಿಂದ ವಿಮಾನ ಇರುವವರು ಬೇರೆ ಟರ್ಮಿನಲ್‌ನಲ್ಲಿ ಇಳಿದು ಮುಂದಿನ ದಾರಿಯನ್ನು ಮೊದಲೇ ನೋಡಿಟ್ಟುಕೊಂಡಿರಬೇಕು.